ಮಾರ್ಚ್‌ಗೆ ನಿಲ್ಲುವ ಹೊಳೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕಾಫಿ ರೇಟಿನ ಬಗ್ಗೆ ಕೇಳಿದವರು ಕಡಿಮೆ, ಹೊಳೆ ಬಗ್ಗೆ ಕೇಳಿದವರು ಜಾಸ್ತಿ. ಅದೂ ಕಾವೇರಿ ಬಗ್ಗೆ ಅಲ್ಲ. ನಮ್ಮ ಕೊಡಗಿನ ಮನೆ ಹಿಂದಿನ ತೋಡು (ಸಣ್ಣ ಹಳ್ಳ), ಗದ್ದೆ ಬದಿಯ ಹೊಳೆ, ಮಳೆಗಾಲದಲ್ಲಿ ರಸ್ತೆ ಮುಚ್ಚಿ ಬೇಸಿಗೆಯಲ್ಲಿ ಕಾಣೆಯಾಗುವಂಥವು. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅವಕ್ಕೇ. ಕಾಫಿ ರೇಟು ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು.

ನಮ್ಮ ಗದ್ದೆ ಬದಿಯಲ್ಲಿ ಸಣ್ಣ ಹೊಳೆ ಇದೆ. ಜುಲೈನಲ್ಲಿ ಪಾಲ (ಕಿರುಸೇತುವೆ) ಮುಳುಗಿಸುತ್ತದೆ, ಮಾರ್ಚ್‌ಗೆ ಬರೀ ಕಲ್ಲು. ಬೆಂಗಳೂರಿನಿಂದ ಬಂದ ಮಗ ನೋಡಿ ‘ಹೊಳೆ ಸತ್ತೋಯ್ತಲ್ಲಪ್ಪ’ ಎಂದ. ಎಂಬತ್ತು ದಾಟಿದ ನನ್ನ ಅಮ್ಮ ‘ಅದು ಯಾವತ್ತೂ ಹಂಗೇ’ ಅನ್ನುತ್ತಾರೆ. ಯಾರ ಮಾತು ಸರಿ? (ಕಾಫಿ ಬೆಳೆಗಾರರು, ಗೋಣಿಕೊಪ್ಪ ಬಳಿಯ ಗ್ರಾಮ)

ಅಮ್ಮನ ಮಾತು ಮುಕ್ಕಾಲು ಸರಿ, ಮಗನದು ಕಾಲು. ಆದರೆ ಆ ಕಾಲು ಭಾಗವೇ ಸ್ವಲ್ಪ ಚಿಂತೆ ಮಾಡಬೇಕಾದದ್ದು.

ನಮ್ಮ ಜಿಲ್ಲೆಯ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಮೇಲೆ ಹೊಳೆಯಲ್ಲಿ ಹರಿಯುವುದು ಮಳೆ ನೀರಲ್ಲ. ಮಣ್ಣು ಕುಡಿದಿಟ್ಟುಕೊಂಡ ನೀರು ನಿಧಾನಕ್ಕೆ ಒಸರಿ ಬರುವುದು. ಮೇಲೆ ಶೋಲಾ ಕಾಡು, ಹುಲ್ಲು, ಆಳವಾದ ಮಣ್ಣು ಇದ್ದರೆ ಆ ಒಸರು ಏಪ್ರಿಲ್‌ವರೆಗೂ ಬರುತ್ತದೆ. ನಿಮ್ಮ ಹೊಳೆ ಹುಟ್ಟುವ ಜಾಗ ಬ್ರಹ್ಮಗಿರಿ ಸಾಲಲ್ಲ, ಒಂದೆರಡು ಬಾಣೆ (ಗದ್ದೆ ಮೇಲಿನ ಗುಡ್ಡದ ಜಾಗ) ದಾಟಿದರೆ ಅದರ ತಲೆ ಸಿಗುತ್ತದೆ. ಅಷ್ಟು ಚಿಕ್ಕ ಹೊಳೆ ಬೇಸಿಗೆಯಲ್ಲಿ ನಿಲ್ಲುವುದು ಅದರ ಗುಣ, ರೋಗವಲ್ಲ. ಕಲ್ಲಿನ ಕೆಳಗೆ, ಮರಳಿನ ಅಡಿಯಲ್ಲಿ ತೇವ ಇರುತ್ತದೆ. ಗುಂಡಿಗಳಲ್ಲಿ ಮೀನು, ಏಡಿ ಕಾದು ಕೂತಿರುತ್ತವೆ.

ಹಾಗಾದರೆ ಮಗ ಹೇಳಿದ್ದರಲ್ಲಿ ಸರಿ ಏನು? ಹೊಳೆ ನಿಲ್ಲುತ್ತದೆಯಾ ಅನ್ನುವುದಕ್ಕಿಂತ ಯಾವ ತಿಂಗಳು ನಿಲ್ಲುತ್ತದೆ ಅನ್ನುವುದು ಮುಖ್ಯ. ಇದನ್ನು ಅಮ್ಮನ ಹತ್ತಿರವೇ ಕೇಳಿ. ಇಸವಿ ಕೇಳಬೇಡಿ, ಹಬ್ಬ ಹಿಡಿದು ಕೇಳಿ. ‘ಶಿವರಾತ್ರಿಗೆ ಹರೀತಿತ್ತಾ? ಎಡ್ಮ್ಯಾರ್‌ಗೆ ಮೊದಲ ಉಳುಮೆ ಮಾಡುವಾಗ ಎತ್ತಿಗೆ ಕುಡಿಯೋಕೆ ಗುಂಡಿಯಲ್ಲಿ ನೀರಿತ್ತಾ?’ ಎಡ್ಮ್ಯಾರ್ ಅಂದರೆ ಏಪ್ರಿಲ್ 14ರ ಸುಮಾರು. ಆಗ ನೀರಿತ್ತು ಎಂದು ಅವರು ಹೇಳಿದರೆ, ಈಗ ಮಾರ್ಚ್ ಮೊದಲ ವಾರಕ್ಕೇ ಒಣಗುತ್ತಿದ್ದರೆ, ಆ ನಡುವಿನ ಒಂದೂವರೆ ತಿಂಗಳು ಎಲ್ಲಿ ಹೋಯಿತು ಎಂದು ಹುಡುಕಬೇಕು.

ಹುಡುಕಲು ದೂರ ಹೋಗಬೇಕಿಲ್ಲ. ಒಂದು, ಗದ್ದೆ. ಬದು ಕಟ್ಟಿ ನಾಟಿ ಮಾಡಿದ ಗದ್ದೆ ಮೂರು ನಾಲ್ಕು ತಿಂಗಳು ನೀರು ನಿಲ್ಲಿಸಿಕೊಂಡು ನೆಲಕ್ಕೆ ಇಳಿಸುತ್ತಿತ್ತು. ಅದು ಪಾಳು ಬಿದ್ದರೆ, ಇಲ್ಲಾ ಶುಂಠಿಗೆ ಏರಿ ಎಬ್ಬಿಸಿ ಕಾಲುವೆ ತೆಗೆದರೆ, ನೀರು ನಿಲ್ಲದೆ ಓಡುತ್ತದೆ. ಎರಡು, ನಾವೇ. ರೊಬಸ್ಟಾ ಕಾಫಿಗೆ ಹೂಮಳೆ (ಹೂ ಅರಳಿಸುವ ಮಳೆ) ಬರದಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಲೇಬೇಕು, ಬೇರೆ ದಾರಿ ಇಲ್ಲ. ಒಂದು ಲೆಕ್ಕ ಮಾಡೋಣ. ಒಂದು ಎಕರೆಗೆ ಒಂದು ಇಂಚು ನೀರು ಕೊಡಬೇಕಾದರೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ಹತ್ತು ಎಕರೆಗೆ ಒಂದೂವರೆ ಇಂಚು ಅಂದರೆ ಹದಿನೈದು ಲಕ್ಷ. ನಿಮ್ಮ ಹೊಳೆಯಲ್ಲಿ ಆಗ ಸೆಕೆಂಡಿಗೆ ಐದು ಲೀಟರ್ ಬರುತ್ತಿದೆ ಎಂದುಕೊಳ್ಳಿ, ದಿನಕ್ಕೆ ಸುಮಾರು 4.3 ಲಕ್ಷ ಲೀಟರ್ ಆಯಿತು. ಅಂದರೆ ಹತ್ತು ಎಕರೆಯ ಒಂದೇ ತೋಟ ಒಂದು ಸಲ ನೀರು ಹೊಡೆದರೆ ಇಡೀ ಹೊಳೆಯ ಮೂರೂವರೆ ದಿನದ ನೀರು ಮುಗಿಯಿತು. ಮೊಗ್ಗು ಎಲ್ಲರ ತೋಟದಲ್ಲೂ ಒಂದೇ ವಾರ ತಯಾರಾಗುತ್ತದೆ, ಹಾಗಾಗಿ ಪಂಪು ಕೂಡ ಒಂದೇ ವಾರ ಶುರು. ಅದು ಮುಗಿದು ಎರಡು ಮೂರು ವಾರಕ್ಕೆ ಬ್ಯಾಕಿಂಗ್‌ಗೆ, ಅಂದರೆ ಹೂ ಕಾಯಿಕಟ್ಟಲು, ಮತ್ತೊಂದು ಸುತ್ತು.

ಇದಕ್ಕೆ ಯಾರನ್ನೂ ಬೈದು ಪ್ರಯೋಜನವಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಳೆ ಇನ್ನೂ ತುಂಬಿ ಹರಿಯುವಾಗಲೇ ತೋಟದ ಕೆರೆ ತುಂಬಿಸಿಕೊಂಡವರು ಮಾರ್ಚ್‌ನಲ್ಲಿ ಹೊಳೆಗೆ ಪೈಪು ಇಳಿಸುವುದು ಕಡಿಮೆ. ಅಕ್ಕಪಕ್ಕದವರು ಕೂತು ದಿನ ಹಂಚಿಕೊಂಡರೂ ಆಗುತ್ತದೆ. ಒಂದು ಮಾತ್ರ ಖಂಡಿತ ಮಾಡಬೇಡಿ. ‘ಹೊಳೆ ಕ್ಲೀನ್ ಮಾಡಿಸ್ತೀನಿ’ ಎಂದು ಜೆಸಿಬಿ ಇಳಿಸಿ ತಿರುವುಗಳನ್ನೆಲ್ಲ ನೇರ ಮಾಡಿಸಬೇಡಿ. ನೇರವಾದ ಹೊಳೆ ಮಳೆಗಾಲದಲ್ಲಿ ದಡ ಕೊರೆಯುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ ಒಣಗುತ್ತದೆ.

ಇರ್ಪು ಜಲಪಾತದಲ್ಲಿ ಶಿವರಾತ್ರಿಗೂ ನೀರು ಬೀಳುತ್ತದೆ. ಹುಣಸೂರಿನ ಸೇತುವೆ ಮೇಲೆ ನಿಂತು ಅದೇ ತಿಂಗಳು ನೋಡಿದರೆ ಲಕ್ಷ್ಮಣತೀರ್ಥ ಚರಂಡಿಯ ಹಾಗಿದೆ. ಇವೆರಡೂ ಒಂದೇ ನದಿಯಾ? ಹೆಸರಿನ ಕಥೆಯನ್ನೂ ಹೇಳಿ. (ನಿವೃತ್ತ ಶಿಕ್ಷಕಿ, ಮೈಸೂರು, ತವರು ಶ್ರೀಮಂಗಲ)

ಒಂದೇ ನದಿ ಟೀಚರ್. ಅದೇ ಬೇಜಾರು.

ಮೊದಲು ಒಂದು ಗೊಂದಲ ಬಿಡಿಸೋಣ, ಯಾಕೆಂದರೆ ಸುಮಾರು ಜನ ಇದನ್ನು ಕಲಸಿಕೊಳ್ಳುತ್ತಾರೆ. ನಮ್ಮಲ್ಲಿ ಬ್ರಹ್ಮಗಿರಿ ಎರಡು. ತಲಕಾವೇರಿ ಇರುವ ಬೆಟ್ಟ ಒಂದು. ಕೇರಳದ ಗಡಿಗೆ ಅಂಟಿಕೊಂಡು ದಕ್ಷಿಣ ಕೊಡಗಿನಲ್ಲಿ ಸಾಗುವ ಬೆಟ್ಟಸಾಲು ಇನ್ನೊಂದು. ಲಕ್ಷ್ಮಣತೀರ್ಥ ಹುಟ್ಟುವುದು ಎರಡನೆಯದರಲ್ಲಿ. ಆ ಸಾಲಿನ ತುದಿ 1,608 ಮೀಟರ್ ಎತ್ತರ, ಆಚೆ ಇಳಿದರೆ ವಯನಾಡಿನ ತಿರುನೆಲ್ಲಿ. 1974ರಿಂದ ಅದು ವನ್ಯಜೀವಿಧಾಮ, ಸುಮಾರು 181 ಚದರ ಕಿಲೋಮೀಟರ್. ಜಲಪಾತದ ಮೇಲೆ ನರಿಮಲೆ ಕಡೆ ಹತ್ತಿದವರಿಗೆ ಗೊತ್ತು, ಮೇಲೆ ಹುಲ್ಲು, ಕೊರಕಲುಗಳಲ್ಲಿ ದಟ್ಟ ಶೋಲಾ. ಅಲ್ಲಿ ತೋಟವಿಲ್ಲ, ಪಂಪಿಲ್ಲ. ಹಾಗಾಗಿಯೇ ಶಿವರಾತ್ರಿ ಫೆಬ್ರವರಿ ಕೊನೆಗೆ ಬರಲಿ, ಮಾರ್ಚ್‌ಗೆ ಬರಲಿ, ಇರ್ಪುವಿನಲ್ಲಿ ತಲೆ ಒಡ್ಡುವಷ್ಟು ನೀರು ಬೀಳುತ್ತಲೇ ಇರುತ್ತದೆ.

ಕಥೆ ನಿಮಗೂ ಗೊತ್ತಿರುವುದೇ, ಮಕ್ಕಳಿಗೆ ಹೇಳಿದ್ದೀರಿ ಕೂಡ ಅನ್ನಿಸುತ್ತದೆ. ಸೀತೆಯನ್ನು ಹುಡುಕುತ್ತಾ ರಾಮ ಲಕ್ಷ್ಮಣರು ಈ ಬೆಟ್ಟ ದಾಟುವಾಗ ರಾಮನಿಗೆ ಬಾಯಾರಿತಂತೆ. ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟ, ನೀರು ಚಿಮ್ಮಿತು. ಕೆಳಗೆ ರಾಮೇಶ್ವರ ದೇವಸ್ಥಾನ, ಶಿವರಾತ್ರಿಗೆ ಜಾತ್ರೆ, ಜಲಪಾತದಲ್ಲಿ ಮಿಂದು ಆಮೇಲೆ ದೇವರ ದರ್ಶನ. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಬಾಣಕ್ಕಿಂತ ಬಾಯಾರಿಕೆ. ಮಳೆಗಾಲದಲ್ಲಿ ಈ ಬೆಟ್ಟ ಹತ್ತಿದವನಿಗೆ ನೀರು ಹುಡುಕುವ ಕೆಲಸವೇ ಇಲ್ಲ, ಜಿಗಣೆ ಕೀಳುವ ಕೆಲಸ ಅಷ್ಟೇ. ಈ ಕಥೆ ಕಟ್ಟಿದವರು ಬೇಸಿಗೆಯ ಬ್ರಹ್ಮಗಿರಿಯನ್ನು ಕಂಡವರು.

ಇರ್ಪು ದಾಟಿದ ಮೇಲೆ ನದಿಯ ಹಣೆಬರಹ ಬದಲಾಗುತ್ತದೆ. ಕಾನೂರು, ನಿಟ್ಟೂರು, ಬಾಳೆಲೆ ಕಡೆಯ ಗದ್ದೆ ತೋಟಗಳ ನಡುವೆ ಹರಿದು, ನಾಗರಹೊಳೆ ಕಾಡಿನ ಅಂಚು ಹಿಡಿದು, ಹನಗೋಡು ಅಣೆಕಟ್ಟೆಗೆ ಬರುತ್ತದೆ. ಅಲ್ಲಿ ಕಾಲುವೆಗೆ ತಿರುಗುತ್ತದೆ. ಉಳಿದದ್ದು ಹುಣಸೂರು ಪೇಟೆ ನಡುವೆ ಹಾದು, ಕಟ್ಟೆಮಳಲವಾಡಿಯಲ್ಲಿ ಮತ್ತೊಂದು ಕಟ್ಟೆ ದಾಟಿ, ಕೊನೆಗೆ ಸಾಗರಕಟ್ಟೆ ಹತ್ತಿರ ಕೃಷ್ಣರಾಜಸಾಗರದ ಹಿನ್ನೀರಿಗೆ ಸೇರುತ್ತದೆ. ಬೇಸಿಗೆಯಲ್ಲಿ ಮೇಲಿನ ನೀರು ದಾರಿಯಲ್ಲೇ ಖಾಲಿ. ಹುಣಸೂರಿನಲ್ಲಿ ನೀವು ನೋಡಿದ್ದರಲ್ಲಿ ಬಹುಪಾಲು ಊರಿನ ಕೊಳಚೆಯೇ. ಇದೇ ನದಿ ಜುಲೈ, ಆಗಸ್ಟ್‌ನಲ್ಲಿ ಉಕ್ಕಿ ಬಾಳೆಲೆ, ನಿಟ್ಟೂರು ನಡುವಿನ ರಸ್ತೆ ಮುಚ್ಚಿಸಿ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ವರ್ಷದಲ್ಲಿ ನಾಲ್ಕು ದಿನ ಸುದ್ದಿ, ಉಳಿದ ದಿನ ಯಾರಿಗೂ ಬೇಡ.

ನಾನು ದಾವಣಗೆರೆಯವಳು, ಕೊಡವ ಮನೆಗೆ ಸೊಸೆಯಾಗಿ ಬಂದಿದ್ದೇನೆ. ಅಕ್ಟೋಬರ್‌ನಲ್ಲಿ ಅತ್ತೆ ಸೌತೆಕಾಯಿಗೆ ರೇಷ್ಮೆ ಬಟ್ಟೆ ಉಡಿಸಿ ಒಡವೆ ಹಾಕಿದರು. ಮಾವ ಗದ್ದೆಯಲ್ಲಿ, ಬಾವಿ ಹತ್ತಿರ ಬಳ್ಳಿ ಸುತ್ತಿದ ಕೋಲು ನೆಟ್ಟರು. ಕೇಳಿದರೆ ‘ನಮ್ಮ ಪದ್ಧತಿ’ ಅಂತ ಒಂದೇ ಮಾತು. ಇದಕ್ಕೂ ಹೊಳೆಗೂ ಸಂಬಂಧವಿದೆಯಾ? (ಸೊಸೆ, ವಿರಾಜಪೇಟೆ ತಾಲ್ಲೂಕು)

ಇದೆ ತಂಗಿ, ಪೂರ್ತಿ ಹೊಳೆಯದೇ ಸಂಬಂಧ. ಅತ್ತೆಯವರು ಹೇಳದೆ ಇದ್ದದ್ದು ಗುಟ್ಟೆಂದಲ್ಲ. ಹುಟ್ಟಿದಾಗಿನಿಂದ ನೋಡಿದ್ದನ್ನು ವಿವರಿಸಲು ಯಾರಿಗೂ ಬರುವುದಿಲ್ಲ, ಅಷ್ಟೇ.

ತುಲಾ ಸಂಕ್ರಮಣ, ಅಂದರೆ ಅಕ್ಟೋಬರ್ 17ರ ಸುಮಾರು, ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವ. ಗಳಿಗೆ ಪ್ರತಿ ವರ್ಷ ಬೇರೆ. ಕೆಲವು ಸಲ ನಡುರಾತ್ರಿ, ಕೆಲವು ಸಲ ಮಟಮಟ ಮಧ್ಯಾಹ್ನ. ಆ ತೀರ್ಥವನ್ನು ಜನ ಬಾಟಲಿಯಲ್ಲಿ, ಕ್ಯಾನಿನಲ್ಲಿ ಹಿಡಿದು ಮನೆಗೆ ತರುತ್ತಾರೆ. ನಿಮ್ಮ ಮನೆ ದೇವರ ಕೋಣೆಯಲ್ಲೂ ಒಂದು ಬಾಟಲಿ ಇರಬೇಕು, ನೋಡಿ. ಅದು ವರ್ಷವಿಡೀ ಇರುತ್ತದೆ, ಕೊನೆಯುಸಿರಿನಲ್ಲಿರುವ ಹಿರಿಯರ ಬಾಯಿಗೆ ಬಿಡುವುದೂ ಅದನ್ನೇ.

ನೀವು ನೋಡಿದ ಕೋಲು ‘ಬೊತ್ತ್’. ಸಂಕ್ರಮಣದ ಹಿಂದಿನ ದಿನ ಗದ್ದೆಗೆ, ಬಾವಿ ಹತ್ತಿರಕ್ಕೆ ಅದನ್ನು ನೆಡುತ್ತಾರೆ. ಅಷ್ಟು ಹೊತ್ತಿಗೆ ನಾಟಿ ಮಾಡಿದ ಭತ್ತ ತೆನೆ ಹೊಡೆಯುವ ಹಂತದಲ್ಲಿರುತ್ತದೆ, ಮಳೆ ಹಿಂದೆ ಸರಿದಿರುತ್ತದೆ. ಬೆಳೆಗೆ ಇನ್ನು ಬೇಕಿರುವುದು ಹೊಳೆ, ತೋಡುಗಳ ನೀರು. ಆ ಹೊತ್ತಿನಲ್ಲಿ ಹೊಳೆಯ ತಾಯಿಯನ್ನು ಗದ್ದೆಗೂ ಬಾವಿಗೂ ಕರೆಯುತ್ತಾರೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಸೌತೆಕಾಯಿಯದು ಕಣಿಪೂಜೆ. ಸೌತೆಕಾಯಿ ಇಲ್ಲಾ ತೆಂಗಿನಕಾಯಿಗೆ ಕೆಂಪು ರೇಷ್ಮೆ, ಪತ್ತಾಕ್ (ಕೊಡವರ ಕತ್ತಿನ ಹಾರ), ಬಳೆ, ಮುಂದೆ ದೀಪ, ವೀಳ್ಯದೆಲೆ. ಅದೇ ಕಾವೇರಮ್ಮೆ. ಮನೆಯ ಹೆಂಗಸರು ಮೊದಲು ಅಕ್ಕಿ ಹಾಕಿ ನಮಸ್ಕರಿಸುತ್ತಾರೆ, ಆಮೇಲೆ ಉಳಿದವರು. ಅವತ್ತು ಮನೆಯಲ್ಲಿ ದೋಸೆ, ತರಕಾರಿ ಅಡುಗೆ ಮಾತ್ರ. ಹಂದಿ ಕರಿಗೆ ಹೆಸರಾದ ಮನೆಯಲ್ಲೂ ಅವತ್ತು ಕುಂಬಳಕಾಯಿ. ನಿಮ್ಮ ಗಂಡನ ಮುಖ ನೋಡಿದ್ದರೆ ನೆನಪಿರಬಹುದು.

ಇನ್ನೊಂದು ನೀವೇ ಮಾಡಿದ್ದು, ಗಮನಿಸಿದಿರೋ ಇಲ್ಲವೋ. ಮದುವೆಯಲ್ಲಿ ಗಂಗಾಪೂಜೆ ದಿನ ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದಿರಲ್ವಾ? ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡದೆ ಗಂಟೆಗಟ್ಟಲೆ ಸತಾಯಿಸಿದರಲ್ವಾ? ಕತ್ತು ನೋಯುತ್ತದೆ, ಅತ್ತವರೂ ಇದ್ದಾರೆ. ಆದರೆ ಸೊಸೆ ಮನೆಯವಳಾಗುವುದು ಆ ಮನೆಯ ನೀರು ಎತ್ತಿದ ಮೇಲೆ. ಮುಂದಿನ ಅಕ್ಟೋಬರ್‌ನಲ್ಲಿ ಬೊತ್ತ್ ನೆಡಲು ಮಾವನ ಜೊತೆ ನೀವೂ ಗದ್ದೆಗೆ ಹೋಗಿ. ಕೇಳಿದರೆ ಹೇಳದವರು ಕೆಲಸ ಮಾಡುತ್ತಾ ಮಾಡುತ್ತಾ ಎಲ್ಲ ಹೇಳುತ್ತಾರೆ.

ಊರ ಹಬ್ಬಗಳು, ಬೋಡ್ ನಮ್ಮೆ, ಕುಂಡೆ ಹಬ್ಬ, ಹಾಕಿ, ಎಲ್ಲ ಬಿಸಿಲಲ್ಲೇ ಯಾಕೆ? ಮಳೆಗಾಲದಲ್ಲಿ ಸುಮ್ನೆ ಮನೆಯಲ್ಲಿ ಕೂರಬೇಕು. (ಕಾಲೇಜು ವಿದ್ಯಾರ್ಥಿ, ಪೊನ್ನಂಪೇಟೆ)

ಹೊಳೆ ದಾಟಬೇಕಲ್ಲಪ್ಪ!

ನಿಮ್ಮ ಊರ ಪಕ್ಕದ ಕುಂದ ಬೆಟ್ಟದಿಂದಲೇ ಶುರು ಮಾಡು. ಕುಂದದ ಬೋಡ್ ನಮ್ಮೆ ತುಲಾ ಸಂಕ್ರಮಣದ ಬೆನ್ನಿಗೇ ಬರುತ್ತದೆ, ವರ್ಷದ ಊರ ಹಬ್ಬಗಳಿಗೆ ಅದೇ ಬಾಗಿಲು. ಕುಂದದಲ್ಲಿ ಕಟ್ಟಿದ ಕುದುರೆಯನ್ನು ಪಾರಾಣದಲ್ಲಿ ಬಿಚ್ಚುತ್ತಾರೆ ಎಂಬ ಮಾತು ಮನೆಯಲ್ಲಿ ಕೇಳಿರುತ್ತೀಯ. ಪಾರಾಣದ ನಮ್ಮೆ ಬರುವಾಗ ಮಳೆಗಾಲ ಹೊಸ್ತಿಲಲ್ಲಿರುತ್ತದೆ. ನಡುವೆ ಮೇ ತಿಂಗಳಲ್ಲಿ ತಿತಿಮತಿ ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬ. ಜೇನು ಕುರುಬರು, ಯರವರು ದೂರದೂರದ ಹಾಡಿ, ತೋಟದ ಲೈನುಮನೆಗಳಿಂದ ವೇಷ ಹಾಕಿಕೊಂಡು ದೇವರನ್ನೇ ಬೈಯುತ್ತಾ ಬರುತ್ತಾರೆ. ಅಂದರೆ ಊರೂರಿನ ಜನ ಒಂದು ಕಡೆ ಸೇರಬೇಕಾದ ಹಬ್ಬಗಳೆಲ್ಲ ಅಕ್ಟೋಬರ್ ಕೊನೆಯಿಂದ ಜೂನ್ ಮೊದಲಿನ ಒಳಗೆ. ಈ ಲೆಕ್ಕ ಎಲ್ಲೂ ಬರೆದಿಟ್ಟಿಲ್ಲ, ನಾನು ಕೂಡಿಸಿಕೊಂಡದ್ದು. ಆದರೆ ಸಿಮೆಂಟಿನ ಸೇತುವೆ ಇಲ್ಲದ ಕಾಲವನ್ನು ಊಹಿಸಿಕೋ. ಮರದ ಪಾಲ ಕೊಚ್ಚಿಹೋದ ಮೇಲೆ ಆಚೆ ದಡದ ಊರು ಬೇರೆ ದೇಶವೇ. ಹೊಳೆ ಇಳಿದ ಮೇಲೆ ತಾನೇ ನೆಂಟರು ಬರುವುದು, ಕುದುರೆ ಕುಣಿಯುವುದು?

ಮಳೆಗಾಲದಲ್ಲೂ ಹಬ್ಬ ಇವೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹದಿನೆಂಟನೇ ದಿನ ಕಕ್ಕಡ 18 ಇದೆ, ನಾಟಿ ಮುಗಿಸಿ ಸೆಪ್ಟೆಂಬರ್ ಮೊದಲಿಗೆ ಆಯುಧಪೂಜೆಯ ಕೈಲ್ ಪೊಳ್ದ್ ಇದೆ. ಆದರೆ ಅವು ಮನೆ ಹಬ್ಬ. ಮನೆಯ ಗದ್ದೆ, ಮನೆಯ ಕೋವಿ, ಮನೆಯ ಒಲೆ. ಕಕ್ಕಡದಲ್ಲಿ ಮದುವೆಯೂ ಇಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದದ್ದು, ಅದನ್ನು ಬೇಸಿಗೆಯಲ್ಲಿ ಇಡಲು ಹೊಳೆ ಕಾರಣವಲ್ಲ, ಮೈದಾನ ಮತ್ತು ಮಕ್ಕಳ ರಜೆ. ಎಲ್ಲದಕ್ಕೂ ಹೊಳೆಯನ್ನೇ ಎಳೆದು ತರಬಾರದು ನೋಡು.

ಜುಲೈನಲ್ಲಿ ಹೋಂಸ್ಟೇಗೆ ಬಂದವರು ತೋಡಿನಲ್ಲಿ ಇಳಿಯಲೇಬೇಕು ಅನ್ನುತ್ತಾರೆ. ಮೊಣಕಾಲುದ್ದ ನೀರು ಅಷ್ಟೇ. ಬಿಡಬಹುದಾ? (ಕಕ್ಕಬ್ಬೆ ಕಡೆಯವರು)

ಬೇಡ. ನಿಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಎರಡು ಇಂಚು ಹೊಡೆದಿರುತ್ತದೆ. ಆ ನೀರು ಬರುವಾಗ ಫೋನ್ ಮಾಡಿ ಬರುವುದಿಲ್ಲ. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ, ಕಡ್ಡಿ, ನೊರೆ ತೇಲಿ ಬಂದರೆ, ಸದ್ದು ದಪ್ಪವಾದರೆ, ಆಮೇಲೆ ನಿಮಗಿರುವುದು ನಿಮಿಷಗಳು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಪೇಟೆಯ ಚಪ್ಪಲಿ ಹಾಕಿದವರು ಆ ನಿಮಿಷಗಳಲ್ಲಿ ದಡಕ್ಕೆ ಬರುವುದಿಲ್ಲ. ಡಿಸೆಂಬರ್‌ನಲ್ಲಿ ಬನ್ನಿ, ಕಾಲು ಇಳಿಬಿಟ್ಟು ಕೂರಿಸುತ್ತೇನೆ ಎಂದು ಹೇಳಿ. ಬೇಸರ ಮಾಡಿಕೊಂಡು ಕಡಿಮೆ ಸ್ಟಾರ್ ಕೊಟ್ಟರೆ ಕೊಡಲಿ.

ಮೊದಲ ಮಳೆಗೆ ಮೀನು ಗದ್ದೆಗೆ ಹತ್ತುವಾಗ ಕೂಳಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಟ್ಟು ಹಿಡಿಯುವುದು ನಮ್ಮಜ್ಜನ ಕಾಲದಿಂದ ಇದೆ. ಈಗ ತಂಗಿಯ ಮಗಳು ‘ಮಾವ, ಇದು ತಪ್ಪು’ ಅನ್ನುತ್ತಾಳೆ. ತಪ್ಪಾ? (ಬಾಳೆಲೆ)

ಹುಡುಗಿ ಹೇಳಿದ್ದರಲ್ಲಿ ಅರ್ಥವಿದೆ. ಮೊದಲ ಮಳೆಗೆ ಪ್ರವಾಹದ ಎದುರು ಹತ್ತುವ ಮೀನು ಸುಮ್ನೆ ಹತ್ತುವುದಿಲ್ಲ, ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಗದ್ದೆಯ, ತೋಡಿನ ನಿಂತ ನೀರು ಹುಡುಕಿ ಬರುತ್ತದೆ. ಬೇಸಿಗೆಯ ಗುಂಡಿಗಳಲ್ಲಿ ಬದುಕಿ ಉಳಿದವು ಬೆರಳೆಣಿಕೆ. ಅವನ್ನೇ ಬಾಗಿಲಲ್ಲಿ ಹಿಡಿದರೆ ಮುಂದಿನ ವರ್ಷಕ್ಕೆ ಏನು ಉಳಿಯಿತು?

ಆದರೆ ಅಜ್ಜನನ್ನು ಅಪರಾಧಿ ಮಾಡುವುದೂ ನ್ಯಾಯವಲ್ಲ. ಅಜ್ಜನ ಕಾಲದಲ್ಲಿ ಗದ್ದೆ ಜಾಸ್ತಿ, ಮೀನು ಮರಿ ಹಾಕುವ ಜಾಗ ಜಾಸ್ತಿ. ಬಿದಿರಿನ ಕೂಳಿಯಲ್ಲಿ ಸಣ್ಣ ಮರಿ ನುಸುಳಿ ಹೋಗುತ್ತಿತ್ತು. ಮಳೆ ಜೋರಾದರೆ ಕೂಳಿಯೇ ಕೊಚ್ಚಿಹೋಗುತ್ತಿತ್ತು. ಈಗಿನ ಕಷ್ಟ ಕೂಳಿಯಲ್ಲ. ಏಪ್ರಿಲ್‌ನಲ್ಲಿ ಉಳಿದ ಒಂದೇ ಗುಂಡಿಗೆ ಬ್ಲೀಚಿಂಗ್ ಪುಡಿ, ಮೈಲುತುತ್ತ ಸುರಿದು ತಟ್ಟೆ ತುಂಬ ಮೀನು ಬಾಚುವುದು ಇದೆಯಲ್ಲ, ಅದು. ಹಳಬರು ಕಾರೆಕಾಯಿ ಜಜ್ಜಿ ಹಾಕಿ ಮೀನು ಮತ್ತೇರಿಸುತ್ತಿದ್ದರು ನಿಜ, ಅದನ್ನೂ ನಾನು ಹೊಗಳುವುದಿಲ್ಲ. ರಾಸಾಯನಿಕ ಹಾಕಿದರೆ ಮೀನಿನ ಜೊತೆ ಏಡಿ, ಕಪ್ಪೆ, ಹುಳ, ಮೊಟ್ಟೆ ಎಲ್ಲ ಹೋಗುತ್ತವೆ, ಕೆಳಗೆ ನೀರು ಕುಡಿಯುವ ದನಕ್ಕೂ ತೊಂದರೆ. ವಿಷ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ನಿಷೇಧಿಸಿದೆ. ಕಂಡರೆ ಮೀನುಗಾರಿಕೆ ಇಲಾಖೆಗೆ, ಪೊಲೀಸರಿಗೆ ಹೇಳಿ.

ನಿಮಗೆ ನನ್ನ ಸಲಹೆ: ಮೊದಲ ಮಳೆಯ ಎರಡು ಮೂರು ವಾರ ಕೂಳಿ ಅಟ್ಟದ ಮೇಲೆ ಇರಲಿ. ಕಕ್ಕಡದಲ್ಲಿ ಗದ್ದೆ ಏಡಿ ಸಿಗುತ್ತದೆ, ಕಣಿಲೆ (ಕಳಲೆ) ಇರುತ್ತದೆ, ಅದೃಷ್ಟವಿದ್ದರೆ ಅಣಬೆ. ನಾಟಿ ಮುಗಿದ ಮೇಲೆ ನೀರು ಇಳಿಯುವಾಗ ಮೀನೂ ಇಳಿಯುತ್ತದೆ, ಆಗ ಒಂದು ಹೊತ್ತಿನ ಸಾರಿಗೆ ಹಿಡಿದರೆ ಯಾರೂ ಬೈಯುವುದಿಲ್ಲ. ತಂಗಿಯ ಮಗಳನ್ನೂ ಊಟಕ್ಕೆ ಕರೆಯಿರಿ.

ಕುಶಾಲನಗರದಲ್ಲಿ ಸೈಟು ನೋಡಿದ್ದೇವೆ. ದಾಖಲೆ ಸರಿ ಇದೆ ಎಂದು ಬ್ರೋಕರ್ ಹೇಳುತ್ತಾನೆ. ಪಕ್ಕದವರು ‘2018ರಲ್ಲಿ ಇಲ್ಲಿ ನೀರು ಬಂದಿತ್ತು’ ಅನ್ನುತ್ತಾರೆ. ಹೇಗೆ ತಿಳಿಯುವುದು? (ಸರ್ಕಾರಿ ನೌಕರರು, ಸೋಮವಾರಪೇಟೆ)

ಪಕ್ಕದವರಿಗೆ ಕಮಿಷನ್ ಇಲ್ಲ, ಅವರ ಮಾತು ಕೇಳಿ.

ಕುಶಾಲನಗರದ ಕಡೆ ಬೀಳುವ ಮಳೆ ಮಡಿಕೇರಿಯ ಮೂರನೇ ಒಂದು ಭಾಗದ ಆಸುಪಾಸು. ಹಾಗಾಗಿ ಬಿಸಿಲಲ್ಲಿ ಸೈಟು ನೋಡಿದವರಿಗೆ ಇಲ್ಲಿ ನೆರೆ ಬರುತ್ತದೆ ಎಂದರೆ ನಂಬಿಕೆಯೇ ಬರುವುದಿಲ್ಲ. ಆದರೆ ಮಡಿಕೇರಿ, ಭಾಗಮಂಡಲದಲ್ಲಿ ಬಿದ್ದ ಮಳೆ ಕಾವೇರಿಯಲ್ಲೇ ಇಳಿದು ಬರುತ್ತದೆ, ಪುಷ್ಪಗಿರಿ ಕಡೆಯದು ಹಾರಂಗಿಯಲ್ಲಿ ಬಂದು ಕೂಡಿಗೆಯ ಹತ್ತಿರ ಸೇರುತ್ತದೆ. 2018ರ ಆಗಸ್ಟ್‌ನಲ್ಲಿ ಮೇಲೆ ಗುಡ್ಡ ಕುಸಿದಾಗ ಕೆಳಗೆ ಬಡಾವಣೆಗಳಿಗೆ ನೀರು ನುಗ್ಗಿದ್ದು ಹಾಗೆ. 2019ರಲ್ಲಿ ಮತ್ತೆ ಅದೇ ಕಥೆ.

ನದಿ ದಡ ಎಲ್ಲರಿಗೂ ಕಾಣುತ್ತದೆ. ಮೋಸವಾಗುವುದು ಮುಚ್ಚಿದ ತೋಡಿನಲ್ಲಿ. ಬೇಸಿಗೆಯಲ್ಲಿ ಒಣಗಿದ ತಗ್ಗಿಗೆ ಮಣ್ಣು ತುಂಬಿ, ಮೇಲೆ ಸೈಟು ಕಲ್ಲು ನೆಟ್ಟರೆ, ಅಲ್ಲೊಂದು ಹಳ್ಳವಿತ್ತು ಎಂದು ಯಾರಿಗೆ ಗೊತ್ತಾಗಬೇಕು? ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಂಡು ಸೈಟಿನ ಮೇಲೆ ನಿಂತು ಸರ್ವೆ ನಂಬರ್ ನೋಡಿ. ಆಮೇಲೆ ಗ್ರಾಮ ನಕ್ಷೆ ತೆಗೆಸಿ, ಹಳ್ಳದ ಗೆರೆ ಎಲ್ಲಿ ಹಾದಿದೆ ನೋಡಿ. ಬಿ ಖರಾಬ್ ಎಂದಿದ್ದರೆ ಅದು ಸಾರ್ವಜನಿಕ ಜಾಗ, ಹಳ್ಳ, ದಾರಿ, ಕೆರೆ ಅದರಲ್ಲೇ ಬರುತ್ತವೆ, ಮುಟ್ಟಬೇಡಿ. ಕೊನೆಯದಾಗಿ, ಸೈಟನ್ನು ಆಗಸ್ಟ್‌ನಲ್ಲಿ ಒಂದು ಸಲ ಹೋಗಿ ನೋಡಿ. ಬ್ರೋಕರ್ ಈಗಲೇ ಅಡ್ವಾನ್ಸ್ ಕೊಡಿ ಎಂದು ಅವಸರ ಮಾಡಿದರೆ ಅದೇ ನಿಮಗೆ ಉತ್ತರ.

ಜನವರಿಯಲ್ಲಿ ನಮ್ಮ ತೋಡು ಕಪ್ಪಾಗಿ ನಾರುತ್ತದೆ. ಮೇಲಿನ ತೋಟದವರು ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ಬಿಡುತ್ತಾರೆ. ನೆಂಟರೇ, ಜಗಳ ಬೇಡ. ಏನು ಮಾಡಲಿ? (ಹೆಸರು, ಊರು ಬೇಡ)

ಮೊದಲು ಕಾಫಿ ಕುಡಿಯಲು ಹೋಗಿ, ಆಮೇಲೆ ಮಾತು ತೆಗೆಯಿರಿ. ಪಲ್ಪ್ ಮಾಡಿದ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆ ತುಂಬಿರುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಜುಲೈನಲ್ಲಾಗಿದ್ದರೆ ಹೊಳೆ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಜನವರಿಯಲ್ಲಿ ಹೊಳೆಯೇ ಒಂದು ಮೊಳ, ಅದಕ್ಕೆ ಆ ಶಕ್ತಿ ಇಲ್ಲ. ಸೋರದ ಹಾಗೆ ಹಾಸು ಹಾಕಿದ ಗುಂಡಿಗಳಲ್ಲಿ ನೀರು ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಪಲ್ಪಿಂಗ್‌ಗೇ ಮತ್ತೆ ಬಳಸಬಹುದು, ಸಿಪ್ಪೆ ಗೊಬ್ಬರವಾಗುತ್ತದೆ. ಇದು ಅವರಿಗೂ ಗೊತ್ತಿರುತ್ತದೆ, ಖರ್ಚು ಎಂದು ಬಿಟ್ಟಿರುತ್ತಾರೆ. ನೆಂಟಸ್ತಿಕೆಗೆ ಒಂದು ಸೀಸನ್ ಟೈಮ್ ಕೊಡಿ. ಮುಂದಿನ ಜನವರಿಯಲ್ಲೂ ನಾರಿದರೆ ತಾರೀಕಿನ ಜೊತೆ ಫೋಟೋ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಕೆಳಗೆ ಬಾವಿ ಇರುವವರೂ ನಿಮ್ಮ ನೆಂಟರೇ ಅಲ್ವಾ?

ಕಕ್ಕಡ 18ಕ್ಕೆ ಮದ್ದು ಸೊಪ್ಪು ತೋಡಿನ ಬದಿಯದ್ದೇ ಆಗಬೇಕಾ? ಮತ್ತೆ ಮಾರನೇ ದಿನ ಮೂತ್ರ ಕೆಂಪಾದರೆ ಡಾಕ್ಟರ್ ಹತ್ತಿರ ಹೋಗಬೇಕಾ? (ಹೊಸದಾಗಿ ಬಂದ ಬ್ಯಾಂಕ್ ನೌಕರ, ಮಡಿಕೇರಿ)

ತೋಡಿನ ಬದಿಯದ್ದೇ ಆಗಬೇಕೆಂದಿಲ್ಲ. ನೆರಳು, ತೇವ ಇರುವ ಕಡೆ, ತೋಟದ ಬೇಲಿ ಬದಿ, ಎಲ್ಲಾದರೂ ಬೆಳೆಯುತ್ತದೆ. ಹದಿನೆಂಟು ಬಗೆಯ ಮದ್ದು ಅವತ್ತು, ಅಂದರೆ ಆಗಸ್ಟ್ 3ರ ಸುಮಾರು, ಈ ಸೊಪ್ಪಿಗೆ ಬಂದು ಸೇರುತ್ತವೆ ಎಂದು ನಂಬಿಕೆ. ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ, ಕೆಲವರು ಅಕ್ಕಿ ಹಾಕಿ ಗಟ್ಟಿಯಾಗಿ ಬೇಯಿಸಿ ಜೇನು, ತುಪ್ಪದ ಜೊತೆ ತಿನ್ನುತ್ತಾರೆ. ಮಾರನೇ ದಿನದ ಕೆಂಪು ಆ ಸೊಪ್ಪಿನ ಬಣ್ಣ, ಹೆದರಬೇಡಿ, ಒಂದು ದಿನದಲ್ಲಿ ಹೋಗುತ್ತದೆ. ಹೋಗದಿದ್ದರೆ ಮಾತ್ರ ಡಾಕ್ಟರ್. ಸೊಪ್ಪು ನೀವೇ ಕೀಳಲು ಹೋಗಬೇಡಿ, ಗೊತ್ತಿಲ್ಲದವರಿಗೆ ಎಲ್ಲ ಎಲೆಯೂ ಒಂದೇ ಥರ ಕಾಣುತ್ತದೆ. ನಿಮ್ಮ ಬ್ಯಾಂಕಿನಲ್ಲೇ ಅವತ್ತು ನಾಲ್ಕು ಜನ ಡಬ್ಬಿ ತಂದಿರುತ್ತಾರೆ, ಕೇಳಿ ತಿನ್ನಿ.